‘ಏಕೆಂದರೆ’ಗೆ ಎಷ್ಟು ಅಂಕ?

(ಒಂದು ತಾಲ್ಲೂಕು ವಕೀಲರ ಸಂಘದಲ್ಲಿ ಕಿರಿಯ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಬಾರಿ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಉಳಿಸಿಕೊಂಡಿದ್ದೇನೆ.)

ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ ಇಪ್ಪತ್ತೆಂಟು ವರ್ಷ ಕಾನೂನು ಬೋಧಿಸಿದವರು ಎಂದರು. ಅಷ್ಟು ವರ್ಷಗಳಲ್ಲಿ ನಾನು ಬೋಧಿಸಿದ್ದಕ್ಕಿಂತ ಉತ್ತರಪತ್ರಿಕೆ ತಿದ್ದಿದ್ದೇ ಹೆಚ್ಚೇನೋ ಎಂಬ ಅನುಮಾನ ನನಗಿದೆ. ಮೌಲ್ಯಮಾಪನ ಕೇಂದ್ರದ ಉದ್ದನೆಯ ಮೇಜು, ದಾರ ಕಟ್ಟಿದ ಕಟ್ಟುಗಳು, ಮಧ್ಯಾಹ್ನದ ಚಹಾದೊಳಗೆ ಇಷ್ಟು ಮುಗಿಯಬೇಕು ಎಂಬ ಲೆಕ್ಕ. ಅಲ್ಲಿ ಕುಳಿತು ನಾನು ಕಲಿತದ್ದು ಒಂದೇ ಸಂಗತಿ. ನಮ್ಮ ಹುಡುಗ ಹುಡುಗಿಯರಿಗೆ ಕಾನೂನು ಗೊತ್ತು. ಕಲಂ ಸಂಖ್ಯೆಯ ಕೆಳಗೆ ಎರಡು ಬಣ್ಣದಲ್ಲಿ ಗೆರೆ ಎಳೆದಿರುತ್ತಾರೆ, ತೀರ್ಪಿನ ಹೆಸರನ್ನು ಚೌಕದೊಳಗೆ ಬರೆದಿರುತ್ತಾರೆ. ‘ಆದ್ದರಿಂದ ವಾದಿಯು ಪರಿಹಾರಕ್ಕೆ ಅರ್ಹನು’ ಎಂದು ಕೊನೆಯ ಸಾಲೂ ಸರಿಯಾಗಿರುತ್ತದೆ. ಕಲಂ ಇದೆ, ಆದ್ದರಿಂದ ಇದೆ. ನಡುವೆ ಇರಬೇಕಾದ ‘ಏಕೆಂದರೆ’ ಮಾತ್ರ ಇರುವುದಿಲ್ಲ.

ಆ ಒಂದು ಪದದ ಬಗ್ಗೆಯೇ ಇವತ್ತು ಮಾತನಾಡುತ್ತೇನೆ. ವಕೀಲಿ ಸನ್ನದು ಕೊಡುವ ಮುಂಚೆ ಒಬ್ಬ ವ್ಯಕ್ತಿಯಿಂದ ಉತ್ತರ ಬರೆಸಬೇಕೇ, ಕೊಟ್ಟ ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿಸಿದರೆ ಸಾಕೇ ಎಂಬ ಪ್ರಶ್ನೆಯ ತಿರುಳು ಅದರಲ್ಲಿದೆ.

ಮೊದಲು ಒಂದು ಸಮಸ್ಯೆ ಕೊಡುತ್ತೇನೆ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ಒಬ್ಬ ತೋಟಿಗರಿಗೆ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳುಹಿಸುತ್ತಾರೆ: ಹತ್ತು ಕ್ವಿಂಟಲ್ ತೆಗೆದುಕೊಳ್ಳುತ್ತೇನೆ, ಕ್ವಿಂಟಲ್‌ಗೆ 45 ಸಾವಿರ, ನಾಳೆ ಸಂಜೆ ಆರರೊಳಗೆ ತಿಳಿಸಿ. ಮರುದಿನ ಮಧ್ಯಾಹ್ನ ಮೂರಕ್ಕೆ ತೋಟಿಗರು ತೋಟದಲ್ಲೇ ನಿಂತು ‘ಒಪ್ಪಿದೆ’ ಎಂದು ಒತ್ತುತ್ತಾರೆ. ಅಲ್ಲಿ ನೆಟ್‌ವರ್ಕ್ ಇಲ್ಲ, ಪರದೆಯ ಮೇಲೆ ಪುಟ್ಟ ಗಡಿಯಾರದ ಚಿಹ್ನೆ ನಿಂತಿದೆ. ಮೂರೂವರೆಗೆ ವ್ಯಾಪಾರಿ ‘ದರ ಬಿದ್ದಿದೆ, ನನ್ನ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ’ ಎಂದು ಬರೆಯುತ್ತಾರೆ. ಐದಕ್ಕೆ ತೋಟಿಗರು ಗುಡ್ಡ ಹತ್ತುತ್ತಾರೆ. ಜೇಬಿನಲ್ಲಿದ್ದ ಫೋನಿಗೆ ಸಿಗ್ನಲ್ ಸಿಗುತ್ತದೆ, ಒಂದೇ ಗಳಿಗೆಯಲ್ಲಿ ಇವರ ಸಂದೇಶ ಹೋಗುತ್ತದೆ, ಅವರದು ಬರುತ್ತದೆ. ತೋಟಿಗರು ಅದನ್ನು ಓದಿದ್ದು ಐದು ಹತ್ತಕ್ಕೆ. ವ್ಯಾಪಾರಿ ಇವರ ಒಪ್ಪಿಗೆಯನ್ನು ನೋಡಿದ್ದು ಐದೂವರೆಗೆ. ಕರಾರು ಆಯಿತೇ, ಇಲ್ಲವೇ?

1872ರ ಭಾರತೀಯ ಕರಾರು ಕಾಯ್ದೆಯ 4 ಮತ್ತು 5ನೇ ಕಲಂಗಳು ಇಲ್ಲಿ ಬೇಕು. ಒಪ್ಪಿಗೆ ಒಪ್ಪಿದವನ ಕೈಮೀರಿ ರವಾನೆಯಾದ ಕ್ಷಣದಲ್ಲಿ, ಪ್ರಸ್ತಾವ ಮಾಡಿದವನು ಅದಕ್ಕೆ ಬದ್ಧನಾಗುತ್ತಾನೆ. ಪ್ರಸ್ತಾವದ ಹಿಂತೆಗೆತವು ಎದುರಿನವನ ತಿಳಿವಳಿಕೆಗೆ ಬಂದಾಗಲಷ್ಟೇ ಅವನ ಮಟ್ಟಿಗೆ ಪೂರ್ಣ. ಇದನ್ನು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿ ಕೇಳಿದರೆ ನೀವೆಲ್ಲರೂ ಗುರುತು ಹಾಕುತ್ತೀರಿ, ಅಂಕ ತೆಗೆದುಕೊಳ್ಳುತ್ತೀರಿ. ಆದರೆ ತೋಟಿಗರ ಕಡತ ನಿಮ್ಮ ಮೇಜಿನ ಮೇಲೆ ಬಂದಾಗ ಕೆಲಸ ಅಲ್ಲಿಂದ ಶುರುವಾಗುತ್ತದೆ. ಮೂರು ಗಂಟೆಗೆ ಒತ್ತಿದ್ದು ‘ರವಾನೆ’ಯೇ? ಗಡಿಯಾರದ ಚಿಹ್ನೆ ಇರುವವರೆಗೆ ಅವರು ಅದನ್ನು ಅಳಿಸಬಹುದಿತ್ತು, ಹಾಗಾಗಿ ಕೈಮೀರಿರಲಿಲ್ಲ. ಐದಕ್ಕೆ ಹೊರಟಿತು ಎನ್ನೋಣ. ಐದು ಹತ್ತಕ್ಕೆ ಹಿಂತೆಗೆತ ತಿಳಿಯುವ ಮುಂಚೆಯೇ ಕರಾರು ಆಯಿತು, ತೋಟಿಗರು ಗೆದ್ದರು.

ಅಷ್ಟಕ್ಕೆ ನಿಲ್ಲುವುದಿಲ್ಲ. ವ್ಯಾಪಾರಿಯ ವಕೀಲರು ಸುಪ್ರೀಂ ಕೋರ್ಟ್‌ನ ಭಗವಾನ್‌ದಾಸ್ ಗೋವರ್ಧನ್‌ದಾಸ್ ಕೇಡಿಯಾ ಪ್ರಕರಣವನ್ನು ತೆಗೆಯುತ್ತಾರೆ. 1965ರಲ್ಲಿ ತೀರ್ಮಾನವಾದ ಅದು ಹತ್ತಿಬೀಜದ ಹಿಂಡಿಯ ವ್ಯಾಪಾರ, ಮಾತುಕತೆ ನಡೆದದ್ದು ದೂರವಾಣಿಯಲ್ಲಿ. ಒಪ್ಪಿಗೆಯ ಕಾಗದವನ್ನು ಅಂಚೆಗೆ ಹಾಕಿದೊಡನೆ ಕರಾರು ಎಂಬ ಅಂಚೆಯ ನಿಯಮ ದೂರವಾಣಿಗೆ ಅನ್ವಯಿಸದು, ಒಪ್ಪಿಗೆ ಎದುರಿನವರ ಕಿವಿಗೆ ಬಿದ್ದಲ್ಲೇ ಕರಾರು ಎಂದು ಬಹುಮತ ಹೇಳಿತು. ವಾಟ್ಸ್ಆ್ಯಪ್ ದೂರವಾಣಿಯ ತಮ್ಮನಾದರೆ ಒಪ್ಪಿಗೆ ಪೂರ್ಣವಾದದ್ದು ಐದೂವರೆಗೆ, ಅಷ್ಟರಲ್ಲಿ ಹಿಂತೆಗೆತ ತಿಳಿದಾಗಿತ್ತು. ವ್ಯಾಪಾರಿ ಗೆದ್ದರು. ತೋಟಿಗರ ವಕೀಲರು ಆಗ ಎದ್ದು, ಆ ಪ್ರಕರಣದ ಪ್ರಶ್ನೆ ಕರಾರು ಎಲ್ಲಿ ಆಯಿತು ಎಂಬುದೇ ಹೊರತು ಯಾವಾಗ ಎಂಬುದಲ್ಲ, ಅಲ್ಲದೆ ಇಬ್ಬರೂ ಒಂದೇ ಹೊತ್ತಿಗೆ ತಂತಿಯ ಎರಡು ತುದಿಯಲ್ಲಿ ಇದ್ದರು, ಇಲ್ಲಿ ಹಾಗಿರಲಿಲ್ಲ, ಇದು ಅಂಚೆ ಕಾಗದದ ತಮ್ಮ ಎನ್ನುತ್ತಾರೆ. ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಭಿನ್ನಮತ ಬರೆದಿದ್ದರು ಎಂಬುದೂ ಅವರಿಗೆ ನೆನಪಿದ್ದರೆ ಇನ್ನೂ ಒಳ್ಳೆಯದು.

ಈ ಸಮಸ್ಯೆಗೆ ‘ಆಯಿತು’ ಎಂದು ಬರೆದವಳಿಗೂ ‘ಆಗಲಿಲ್ಲ’ ಎಂದು ಬರೆದವನಿಗೂ ನಾನು ಹತ್ತಕ್ಕೆ ಎಂಟು ಕೊಡಬಲ್ಲೆ. ಬರೇ ‘ಆಯಿತು’ ಎಂದವನಿಗೆ ಎರಡು. ಹೀಗೆ ಅಂಕ ಕೊಡುವ ಅವಕಾಶ ಇರುವುದು ಬರೆಯುವ ಪರೀಕ್ಷೆಯಲ್ಲಿ ಮಾತ್ರ.

ನಮ್ಮಲ್ಲಿ ಸನ್ನದಿನ ಪರೀಕ್ಷೆ ಹೇಗಿದೆ? 1961ರ ವಕೀಲರ ಕಾಯ್ದೆಯ 24ನೇ ಕಲಂನಲ್ಲಿ ತರಬೇತಿ ಮತ್ತು ಅದರ ನಂತರದ ಪರೀಕ್ಷೆಯ ಷರತ್ತು ಮೊದಲು ಇತ್ತು. 1973ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಆಮೇಲೆ ಸುಮಾರು ಮೂರೂವರೆ ದಶಕ ಪದವಿ ಕೈಯಲ್ಲಿದ್ದರೆ ಸನ್ನದು, ಸನ್ನದು ಇದ್ದರೆ ಕರಿ ಕೋಟು. ನಡುವೆ ಭಾರತೀಯ ವಕೀಲರ ಪರಿಷತ್ತು ತನ್ನದೇ ನಿಯಮಗಳಿಂದ ತರಬೇತಿಯನ್ನು ಮರಳಿ ತರಲು ನೋಡಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಅನೂರ್ಜಿತಗೊಳಿಸಿತು. 2010ರಲ್ಲಿ ಪರಿಷತ್ತು ಅಖಿಲ ಭಾರತ ವಕೀಲರ ಪರೀಕ್ಷೆಯ ನಿರ್ಣಯ ಮಾಡಿತು, 2011ರ ಮಾರ್ಚ್ 6ರಂದು ಮೊದಲ ಪರೀಕ್ಷೆ ನಡೆಯಿತು. ಹನ್ನೆರಡು ವರ್ಷಗಳ ನಂತರ, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಪರಿಷತ್ತಿಗೆ ಈ ಅಧಿಕಾರ ಉಂಟು ಎಂದು ಹೇಳಿ ವಿವಾದಕ್ಕೆ ತೆರೆ ಎಳೆಯಿತು.

ಪರೀಕ್ಷೆ ಬೇಕೇ ಬೇಡವೇ ಎಂದು ಇಷ್ಟು ವರ್ಷ ಜಗಳವಾಡಿದ ನಾವು ಎಂಥ ಪರೀಕ್ಷೆ ಎಂದು ಕೇಳಿದ್ದು ಕಡಿಮೆ. ನೂರು ಪ್ರಶ್ನೆ, ಎಲ್ಲವೂ ಬಹು ಆಯ್ಕೆಯವು, ತಪ್ಪಿಗೆ ಅಂಕ ಕಡಿತವಿಲ್ಲ. ಮೊದಲು ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, 2021ರಿಂದ ಅದಕ್ಕೆ ಕಡಿವಾಣ ಬಿತ್ತು, ಈಗ ಟಿಪ್ಪಣಿಯಿಲ್ಲದ ಬೇರ್ ಆಕ್ಟ್‌ಗೆ, ಅಂದರೆ ಕಾಯ್ದೆಯ ಬರಿಯ ಮೂಲ ಪಾಠಕ್ಕೆ, ಅವಕಾಶವಿದೆ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಇದು ಸಂತೋಷದ ವಿಷಯ. ಆದರೆ ಇಡೀ ಪರೀಕ್ಷೆಯಲ್ಲಿ ಅಭ್ಯರ್ಥಿ ಒಂದೇ ಒಂದು ವಾಕ್ಯವನ್ನೂ ರಚಿಸಬೇಕಾಗಿಲ್ಲ. ದಾವಾ ಪತ್ರ, ಕೈಫಿಯತ್ತು, ನೋಟಿಸು, ತಕರಾರು ಅರ್ಜಿ ಎಂದು ಜೀವಮಾನವಿಡೀ ಬರೆದೇ ಉಣ್ಣಬೇಕಾದ ಕಸುಬಿಗೆ ಬರವಣಿಗೆಯ ಸುಳಿವೇ ಇಲ್ಲದ ಹೆಬ್ಬಾಗಿಲು!

ಬರೆಸುವುದು ನಮಗೆ ಗೊತ್ತಿಲ್ಲವೆಂದಲ್ಲ. ಸುಪ್ರೀಂ ಕೋರ್ಟ್‌ನಲ್ಲಿ ಪ್ರಕರಣ ದಾಖಲಿಸುವ ಹಕ್ಕು ಇರುವ ಅಡ್ವೊಕೇಟ್ ಆನ್ ರೆಕಾರ್ಡ್ ಆಗಬೇಕಾದರೆ ನಾಲ್ಕು ಪತ್ರಿಕೆಗಳನ್ನು ಕೂತು ಬರೆಯಬೇಕು: ನ್ಯಾಯಾಲಯದ ಕಾರ್ಯವಿಧಾನ, ಕರಡು ರಚನೆ, ವೃತ್ತಿನೀತಿ, ಪ್ರಮುಖ ತೀರ್ಪುಗಳು. ಪ್ರತಿಯೊಂದರಲ್ಲೂ ಐವತ್ತು, ಒಟ್ಟಾರೆ ಅರವತ್ತು ಪ್ರತಿಶತ ಬೇಕು. ನಮ್ಮ ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ವಿವಾದಾಂಶ ರೂಪಿಸಿ ತೀರ್ಪು ಬರೆಯಬೇಕು, ಕನ್ನಡ ಇಂಗ್ಲಿಷ್ ನಡುವೆ ಅನುವಾದದ ಪತ್ರಿಕೆಯೂ ಇದೆ. ಅಂದರೆ ತೀರ್ಪು ಕೊಡುವವರು ಬರೆದು ತೋರಿಸಬೇಕು, ದಿಲ್ಲಿಯಲ್ಲಿ ಕಾಗದ ಸಲ್ಲಿಸುವವರು ಬರೆದು ತೋರಿಸಬೇಕು. ತಾಲ್ಲೂಕು ಕೋರ್ಟಿನಲ್ಲಿ ಬಡವನ ಎರಡು ಎಕರೆಯ ದಾವೆ ಹೂಡುವವರಿಗೆ ಮಾತ್ರ ಗುರುತು ಹಾಕಿದರೆ ಸಾಕು.

ಹೊರದೇಶಗಳ ಕಡೆ ನೋಡಿದರೆ ಎಲ್ಲವೂ ಬಂಗಾರ ಎಂದು ಭಾವಿಸಬೇಡಿ. ಗಾಂಧೀಜಿ ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ ಓದಿ 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಅಲ್ಲಿನ ಪರೀಕ್ಷೆಗೆ ಬೆಲೆಯೇ ಇರಲಿಲ್ಲ, ಹೆಚ್ಚಿನವರೆಲ್ಲ ತೇರ್ಗಡೆಯಾಗುತ್ತಿದ್ದರು ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪರೀಕ್ಷೆಯಷ್ಟೇ ಮುಖ್ಯವಾಗಿ ನಿಗದಿತ ಸಂಖ್ಯೆಯ ಭೋಜನಕೂಟಗಳಲ್ಲಿ ಕುಳಿತಿರಬೇಕಿತ್ತು. ಅಬ್ರಹಾಂ ಲಿಂಕನ್ ಒಬ್ಬ ಯುವಕನನ್ನು ವಕೀಲಿಗೆ ಪರೀಕ್ಷಿಸುವಾಗ ತಾನು ಸ್ನಾನ ಮಾಡುತ್ತಲೇ ನಾಲ್ಕು ಪ್ರಶ್ನೆ ಕೇಳಿ, ನೋಡಲು ಕಾಣುವುದಕ್ಕಿಂತ ಈತ ಜಾಣ ಎಂದು ಚೀಟಿ ಬರೆದುಕೊಟ್ಟ ಕಥೆಯೊಂದು ಪ್ರಚಲಿತದಲ್ಲಿದೆ. ಬರೆಯುವ ಪರೀಕ್ಷೆ ಬಂದದ್ದು ಇಂಥ ದಾಕ್ಷಿಣ್ಯಗಳನ್ನು ತಪ್ಪಿಸುವುದಕ್ಕೇ ಎನ್ನುವುದನ್ನು ಮರೆಯಬಾರದು.

ಈಗ ಅಮೆರಿಕದ ಬಹುಪಾಲು ರಾಜ್ಯಗಳು ಒಪ್ಪಿಕೊಂಡ ಸಮಾನ ಬಾರ್ ಪರೀಕ್ಷೆ, ಅಂದರೆ ಅಲ್ಲಿನ ಸನ್ನದಿನ ಪರೀಕ್ಷೆ, ಎರಡು ದಿನದ್ದು. ಇನ್ನೂರು ಬಹು ಆಯ್ಕೆ ಪ್ರಶ್ನೆಗಳಿಗೆ ಅರ್ಧ ಅಂಕ. ಅರ್ಧ ಗಂಟೆಗೊಂದರಂತೆ ಆರು ಪ್ರಬಂಧ ಪ್ರಶ್ನೆಗಳಿಗೆ ಮೂವತ್ತು ಪ್ರತಿಶತ. ಉಳಿದ ಇಪ್ಪತ್ತಕ್ಕೆ ಒಂದೂವರೆ ಗಂಟೆಯ ಎರಡು ಪ್ರಾಯೋಗಿಕ ಬರಹಗಳು. ಪ್ರಬಂಧ ಎಂದರೆ ‘ಪ್ರಜಾಪ್ರಭುತ್ವದಲ್ಲಿ ನ್ಯಾಯಾಂಗದ ಪಾತ್ರ’ ಎಂಬಂಥದ್ದಲ್ಲ. ಈಗ ನಾನು ಹೇಳಿದ ಅಡಿಕೆಯ ಕಥೆಯಂಥದ್ದು. ಕಥೆಯಲ್ಲಿ ನಾಲ್ಕೈದು ಕಡೆ ಕಾನೂನಿನ ಗಂಟು ಅಡಗಿರುತ್ತದೆ, ಇಲ್ಲಿ ಗಂಟಿದೆ ಎಂದು ಯಾರೂ ಹೇಳುವುದಿಲ್ಲ. ಅದನ್ನು ಹುಡುಕುವುದೇ ಮೊದಲ ಕೆಲಸ.

ಕಕ್ಷಿದಾರರೂ ಹಾಗೆಯೇ ತಾನೇ ಬರುವುದು? ನನ್ನ ಸ್ನೇಹಿತರೊಬ್ಬರ ಕಚೇರಿಯಲ್ಲಿ ಒಂದು ಸಂಜೆ ಕುಳಿತಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಹಳೆಯ ಛಾಪಾ ಕಾಗದಗಳನ್ನು ಇಟ್ಟುಕೊಂಡು ಬಂದ ಹಿರಿಯರೊಬ್ಬರು ಮುಕ್ಕಾಲು ಗಂಟೆ ಭಾವಮೈದುನನ ದ್ರೋಹವನ್ನು ವಿವರಿಸಿದರು. ಮದುವೆಯ ಊಟದಲ್ಲಿ ಯಾರು ಯಾರನ್ನು ಮಾತನಾಡಿಸಲಿಲ್ಲ ಎಂಬುದೂ ಬಂತು. ಮಧ್ಯೆ ಎಲ್ಲೋ ‘ಚೀಟಿ ಬರೆದುಕೊಟ್ಟದ್ದು ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಇದ್ದಾಗ’ ಎಂದರು. ಸ್ನೇಹಿತರ ಪೆನ್ನು ಅಲ್ಲಿ ನಿಂತಿತು. ಹುಡುಗಿಗೆ ಈಗ ಮದುವೆಯಾಗಿ ಮಗುವಿದೆ. ಕೈಸಾಲದ ದಾವೆಗೆ ಕಾಲಪರಿಮಿತಿ ಮೂರು ವರ್ಷ. ಇಡೀ ಪ್ರಕರಣ ಇದ್ದದ್ದು ಆ ಎಸ್ಸೆಸ್ಸೆಲ್ಸಿಯಲ್ಲಿ, ಭಾವಮೈದುನನಲ್ಲಿ ಅಲ್ಲ.

ಗಂಟು ಸಿಕ್ಕ ಮೇಲೆ ಬಿಡಿಸುವುದಕ್ಕೆ ಅಮೆರಿಕದ ವಿದ್ಯಾರ್ಥಿಗಳು ನಾಲ್ಕು ಮೆಟ್ಟಿಲು ಬಾಯಿಪಾಠ ಮಾಡುತ್ತಾರೆ: ಪ್ರಶ್ನೆ, ನಿಯಮ, ಅನ್ವಯ, ತೀರ್ಮಾನ. ಜರ್ಮನಿಯಲ್ಲಿ ಐದೈದು ಗಂಟೆ ಕುಳಿತು ಬರೆಯುವ ಪರೀಕ್ಷೆಗಳಿವೆ. ಅಲ್ಲಿ ಉತ್ತರ ಇನ್ನೂ ಗೊತ್ತಿಲ್ಲ ಎಂಬ ಭಾವದಲ್ಲೇ ಪ್ರತಿ ಪ್ಯಾರಾ ಆರಂಭಿಸಬೇಕು. ಇದೆಲ್ಲ ಪಶ್ಚಿಮದ ಸರಕು ಎಂದು ಮೂಗು ಮುರಿಯುವವರಿಗೆ ನಮ್ಮ ಪ್ರಾಚೀನ ತರ್ಕವಾದ ನ್ಯಾಯಶಾಸ್ತ್ರದಲ್ಲಿ ವಾದಕ್ಕೆ ಇರುವ ಐದು ಅವಯವಗಳನ್ನು, ಅಂದರೆ ಭಾಗಗಳನ್ನು, ನೆನಪಿಸುತ್ತೇನೆ. ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿಯಿದೆ. ಹೇತು: ಹೊಗೆ ಇರುವುದರಿಂದ. ಉದಾಹರಣೆ: ಹೊಗೆಯಿರುವಲ್ಲಿ ಬೆಂಕಿ, ಅಡುಗೆಮನೆಯಂತೆ. ಉಪನಯ: ಈ ಬೆಟ್ಟವೂ ಹಾಗೆಯೇ ಹೊಗೆಯುಳ್ಳದ್ದು. ನಿಗಮನ: ಆದ್ದರಿಂದ ಬೆಂಕಿಯಿದೆ. ಉಪನಯ ಎಂದರೆ ಹತ್ತಿರಕ್ಕೆ ತರುವುದು. ಅಡುಗೆಮನೆಯ ನಿಯಮವನ್ನು ಈ ಬೆಟ್ಟದ ಹತ್ತಿರಕ್ಕೆ ತರುವ ಹೆಜ್ಜೆ. ನಾನು ತಿದ್ದಿದ ಪತ್ರಿಕೆಗಳಲ್ಲಿ ನಾಪತ್ತೆಯಾಗಿದ್ದದ್ದು ಇದೇ ನಾಲ್ಕನೆಯ ಅವಯವ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರ ಬರೆದ ವಿಜ್ಞಾನೇಶ್ವರ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪೂರ್ತಿ ಮಾತನಾಡಲು ಬಿಟ್ಟು ಆಮೇಲೆ ತನ್ನ ಸಿದ್ಧಾಂತಕ್ಕೆ ಬರುತ್ತಾನೆ. ಹಿಂದೂ ಕಾನೂನಿನ ಪತ್ರಿಕೆಗಾಗಿ ಅವನ ಹೆಸರನ್ನು ಉರು ಹೊಡೆಯುತ್ತೇವೆ, ಅವನು ವಾದ ಕಟ್ಟಿದ ಬಗೆಯನ್ನು ಕಲಿಯುವುದಿಲ್ಲ.

ಇನ್ನು ಎದುರು ಪಕ್ಷದ ಮಾತನ್ನು ಕೇಳೋಣ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ನಾನೇ ಅದಕ್ಕೆ ಸಾಕ್ಷಿ. ಬೆಳಿಗ್ಗೆ ಹತ್ತಕ್ಕೆ ತಿದ್ದಿದ ಪತ್ರಿಕೆಗೂ ಸಂಜೆ ಐದಕ್ಕೆ ತಿದ್ದಿದ ಪತ್ರಿಕೆಗೂ ನನ್ನ ಕೈ ಒಂದೇ ಆಗಿರಲಿಲ್ಲ. ಸಾಲಾಗಿ ಆರು ಕಳಪೆ ಉತ್ತರಗಳ ನಂತರ ಬಂದ ಸಾಧಾರಣ ಉತ್ತರ ಅಮೃತದಂತೆ ಕಾಣುತ್ತಿತ್ತು. ದುಂಡಗಿನ ಅಕ್ಷರಕ್ಕೆ ಅರಿವಿಲ್ಲದೆಯೇ ಅರ್ಧ ಅಂಕ ಹೆಚ್ಚು ಬೀಳುತ್ತಿತ್ತು. 1912ರಷ್ಟು ಹಿಂದೆಯೇ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದರು. ಅಂಕಗಳ ನಡುವಿನ ಅಂತರ ಮೂವತ್ತಕ್ಕಿಂತ ಹೆಚ್ಚಿತ್ತು. ಇಂಗ್ಲಿಷ್ ಸಾಹಿತ್ಯವಾದ್ದರಿಂದ ಹೀಗಾಯಿತು ಎಂದು ಕೆಲವರು ನಕ್ಕರು. ಸ್ಟಾರ್ಚ್ ಮತ್ತು ಎಲಿಯಟ್ ರೇಖಾಗಣಿತದ ಪತ್ರಿಕೆ ಕೊಟ್ಟು ನೋಡಿದರು, ಅಂತರ ಇನ್ನೂ ಹೆಚ್ಚಾಯಿತು.

ಈ ರೋಗಕ್ಕೆ ಅಮೆರಿಕದ ಬಾರ್ ಪರೀಕ್ಷೆಯವರು ಕಂಡುಕೊಂಡ ಔಷಧ ಸ್ವಾರಸ್ಯಕರ. ಬಹು ಆಯ್ಕೆಯ ಕೆಲವು ಪ್ರಶ್ನೆಗಳನ್ನು ಗುಟ್ಟಾಗಿಟ್ಟು ಮತ್ತೆ ಬಳಸಬಹುದು, ಹಾಗಾಗಿ ಈ ವರ್ಷದ ತಂಡ ಹಿಂದಿನ ವರ್ಷದ್ದಕ್ಕಿಂತ ಮೇಲೋ ಕೆಳಗೋ ಎಂದು ಅಳೆಯಬಹುದು. ಪ್ರಬಂಧ ಪ್ರಶ್ನೆಯನ್ನು ಮತ್ತೆ ಬಳಸುವಂತಿಲ್ಲ, ಒಮ್ಮೆ ಓದಿದವರು ಕಥೆಯನ್ನು ಮರೆಯುವುದಿಲ್ಲ, ಸಂಜೆಯೊಳಗೆ ಅದು ಊರಿಗೆಲ್ಲ ಗೊತ್ತು. ಆದ್ದರಿಂದ ಪ್ರಬಂಧದ ಅಂಕಗಳಿಂದ ಈ ಕೋಣೆಯಲ್ಲಿ ಯಾರು ಯಾರಿಗಿಂತ ಮುಂದೆ ಎಂಬುದನ್ನು ಮಾತ್ರ ತೆಗೆದುಕೊಂಡು, ಆ ಅಂಕಗಳನ್ನು ಬಹು ಆಯ್ಕೆಯ ಅಳತೆಪಟ್ಟಿಯ ಮೇಲೆ ಹೊಂದಿಸುತ್ತಾರೆ. ಅಂದರೆ ನಾವು ಶತ್ರುಗಳೆಂದು ತಿಳಿದ ಎರಡು ಬಗೆಯ ಪರೀಕ್ಷೆಗಳು ಅಲ್ಲಿ ಒಂದಕ್ಕೊಂದು ಊರುಗೋಲು. ಬಹು ಆಯ್ಕೆಯನ್ನು ನಾನು ಇಲ್ಲಿಯವರೆಗೆ ಹೀಗಳೆದದ್ದು ಸ್ವಲ್ಪ ಹೆಚ್ಚಾಯಿತು ಎಂದು ನಿಮಗೆ ಅನ್ನಿಸಿದ್ದರೆ, ಹೌದು, ಹೆಚ್ಚಾಯಿತು. ಯಂತ್ರ ತಿದ್ದುವ ಪತ್ರಿಕೆಗೆ ಅಕ್ಷರದ ಅಂದ ಗೊತ್ತಿಲ್ಲ, ಹಳ್ಳಿಯ ಕನ್ನಡ ಗೊತ್ತಿಲ್ಲ. ಅದು ಸಣ್ಣ ನ್ಯಾಯವೇನಲ್ಲ.

ಕ್ಯಾಲಿಫೋರ್ನಿಯಾ ತನ್ನದೇ ಪರೀಕ್ಷೆ ನಡೆಸುತ್ತದೆ, ಒಂದೊಂದು ಗಂಟೆಯ ಐದು ಪ್ರಬಂಧ ಮತ್ತು ಒಂದು ಪ್ರಾಯೋಗಿಕ ಬರಹ. ಪ್ರತಿ ಪರೀಕ್ಷೆಯ ನಂತರ ಪ್ರಶ್ನೆಗಳ ಜೊತೆಗೆ ಅಭ್ಯರ್ಥಿಗಳೇ ಬರೆದ, ಒಳ್ಳೆಯ ಅಂಕ ಪಡೆದ ಎರಡೆರಡು ಉತ್ತರಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಯಾರು ಬೇಕಾದರೂ ಓದಬಹುದು, ನೀವು ಓದಲೇಬೇಕು. ಅದೇ ರಾಜ್ಯ 2025ರ ಫೆಬ್ರವರಿಯಲ್ಲಿ ಹೊಸ ವ್ಯವಸ್ಥೆಗೆ ಹಾರಿ ಎಡವಿತು. ಉತ್ತರ ಟೈಪ್ ಮಾಡುತ್ತಿದ್ದಂತೆ ಪರದೆಗಳು ನಿಂತುಹೋದವು, ಕೆಲವು ಬಹು ಆಯ್ಕೆ ಪ್ರಶ್ನೆಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ರೂಪಿಸಲಾಗಿತ್ತು ಎಂಬುದು ಆಮೇಲೆ ಹೊರಬಂತು, ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟ್ ತೇರ್ಗಡೆಯ ಅಂಕವನ್ನೇ ಇಳಿಸಬೇಕಾಯಿತು.

ನಾನು ಕೇಳುತ್ತಿರುವುದು ಆರು ಪ್ರಬಂಧಗಳನ್ನಲ್ಲ. ದೇಶದಾದ್ಯಂತ ಒಂದೊಂದು ಬಾರಿಗೆ ಲಕ್ಷದ ಲೆಕ್ಕದಲ್ಲಿ ಬರುವ ಅಭ್ಯರ್ಥಿಗಳ ಪ್ರಬಂಧಗಳನ್ನು ತಿದ್ದುವ ಕೈಗಳು ನಮ್ಮಲ್ಲಿಲ್ಲ. ನನಗೆ ಆಸೆ ಹುಟ್ಟಿಸಿದ್ದು ಅಮೆರಿಕದ ಆ ಪ್ರಾಯೋಗಿಕ ಬರಹ. ಅಲ್ಲಿ ಅಭ್ಯರ್ಥಿಯ ಕೈಗೆ ಎರಡು ಕಟ್ಟು ಕೊಡುತ್ತಾರೆ. ಒಂದರಲ್ಲಿ ಕಕ್ಷಿದಾರನ ಹೇಳಿಕೆ, ಪತ್ರ, ರಸೀದಿ. ಇನ್ನೊಂದರಲ್ಲಿ ಬೇಕಾದ ಕಲಂಗಳು, ಒಂದೆರಡು ತೀರ್ಪುಗಳು, ಜೊತೆಗೆ ಬೇಡದವೂ ಕೆಲವು. ನೆನಪಿನಿಂದ ಏನೂ ಬೇಕಿಲ್ಲ. ಒಂದೂವರೆ ಗಂಟೆಯಲ್ಲಿ ಮೇಲಿನ ವಕೀಲರಿಗೆ ಟಿಪ್ಪಣಿಯನ್ನೋ ಕಕ್ಷಿದಾರನಿಗೆ ಪತ್ರವನ್ನೋ ಬರೆದುಕೊಡಬೇಕು. ಇಂಥ ಒಂದೇ ಒಂದು ಬರಹ, ನೂರು ಪ್ರಶ್ನೆಗಳ ಜೊತೆಗೆ. ನೂರರಲ್ಲಿ ತೇರ್ಗಡೆಯಾದವರದ್ದನ್ನು ಮಾತ್ರ ತಿದ್ದಿದರೆ ಸಾಕು, ಹೆಸರು ಕಾಣದಂತೆ, ಇಬ್ಬರು ಬೇರೆ ಬೇರೆ ಕುಳಿತು. ಕನ್ನಡದಲ್ಲಿ ಬರೆಯುವವರಿಗೆ ಕನ್ನಡದಲ್ಲಿ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್ ಆಗಿರಬಹುದು, ಆದರೆ ನಮ್ಮ ತಾಲ್ಲೂಕಿನ ಕಟಕಟೆಯಲ್ಲಿ ಸಾಕ್ಷಿ ನುಡಿಯುವುದು ಕನ್ನಡ. ‘ವಾದಿಯು ಸ್ವಾಧೀನಾನುಭವದಲ್ಲಿದ್ದು’ ಎಂಬ ಸಿದ್ಧ ವಾಕ್ಯವನ್ನು ಹಳೆಯ ಕಡತದಿಂದ ನಕಲು ಮಾಡುವುದು ಬೇರೆ, ಯಾವಾಗಿನಿಂದ, ಯಾವ ಹಕ್ಕಿನಿಂದ, ಅದಕ್ಕೆ ಯಾವ ಕಾಗದ ಎಂದು ನಮ್ಮದೇ ಕನ್ನಡದಲ್ಲಿ ಕಟ್ಟುವುದು ಬೇರೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಒಬ್ಬ ಯುವ ವಕೀಲರು, “ಕನ್ನಡದಲ್ಲಿ ಉತ್ತರ ಬರೆದರೆ ಅಂಕ ಕಡಿಮೆ ಬೀಳುತ್ತದೆ ಎನ್ನುತ್ತಾರಲ್ಲ ಸಾರ್, ನಿಜವೇ?” ಎಂದು ಕೇಳಿದರು. ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಕನ್ನಡ ಪತ್ರಿಕೆಯ ಕಟ್ಟು ಬಂದಾಗ ಪಕ್ಕದವರ ಕಡೆ ತಳ್ಳುವ ಮೌಲ್ಯಮಾಪಕರಿದ್ದರು. ಉತ್ತರ ಕೆಟ್ಟದ್ದಾಗಿರಲಿಲ್ಲ, ಓದುವವರಿಗೆ ಕಾನೂನಿನ ಕನ್ನಡದ ಅಭ್ಯಾಸವಿರಲಿಲ್ಲ. ಬರೆಸುವ ಪರೀಕ್ಷೆ ಬಂದರೆ ಮೊದಲು ತರಬೇತಿ ಬೇಕಾಗುವುದು ನಮ್ಮಂಥವರಿಗೆ.

ಕೊನೆಯ ಸಾಲಿನಿಂದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ನಮ್ಮದೂ ಅಡಿಕೆ ತೋಟ. ನಮ್ಮ ಅಪ್ಪ ಆಗಿದ್ದರೆ ಸಂದೇಶ ಒತ್ತಿ ಕೂರುತ್ತಿರಲಿಲ್ಲ, ಮೂರು ಗಂಟೆಗೇ ಗುಡ್ಡ ಹತ್ತಿ ಫೋನ್ ಮಾಡುತ್ತಿದ್ದರು” ಎಂದಳು. ಸಭೆ ನಕ್ಕಿತು. ಹಾಗೆ ಮಾಡಿದ್ದರೆ ಕೇಡಿಯಾ ತೀರ್ಪು ನೇರವಾಗಿ ಅನ್ವಯಿಸುತ್ತಿತ್ತು, ವ್ಯಾಪಾರಿಯ ಕಿವಿಗೆ ‘ಒಪ್ಪಿದೆ’ ಬಿದ್ದ ಕೂಡಲೇ ಕರಾರು, ನಿಮ್ಮ ತಂದೆ ಗೆಲ್ಲುತ್ತಿದ್ದರು ಎಂದೆ. ಅವಳು ಕೂರಲಿಲ್ಲ. “ಆದರೆ ಸಾರ್, ವ್ಯಾಪಾರಿ ಆಮೇಲೆ ಹಾಗೆ ಮಾತೇ ಆಡಿಲ್ಲ ಎಂದರೆ? ಸಂದೇಶವಾದರೆ ಫೋನಿನಲ್ಲಿ ಉಳಿದಿರುತ್ತದೆ. ಮಾತಿಗೆ ಸಾಕ್ಷಿ ಏನು?”

ನಾನು ಕೊಟ್ಟ ಸಮಸ್ಯೆಯಲ್ಲಿ ಆ ಗಂಟು ಇರಲಿಲ್ಲ. ಅವಳೇ ಹಾಕಿದ್ದು.